ನಾಲ್ಕು ತಂತಿ, ನೂರು ವಿಡಿಯೋ

[ದೃಶ್ಯ: ಹಂಚಿನ ಮನೆಯ ಜಗಲಿ, ಹೊರಗೆ ಮಳೆ. ಚಾಪೆಯ ಮೇಲೆ ಪಿಟೀಲು.]

ನಮಸ್ಕಾರ. ಕಾಸರಗೋಡಿನ ಬದಿಯಡ್ಕದಿಂದ ಮಾತಾಡ್ತಾ ಇದ್ದೇನೆ. ಆಟಿ ತಿಂಗಳ ಮಳೆ, ಹಿಂದಿನ ಸದ್ದು ಸ್ವಲ್ಪ ಸಹಿಸಿಕೊಳ್ಳಿ.

ನನ್ನ ಫೋನಿನಲ್ಲಿ ಪಿಟೀಲು ಪಾಠದ ವಿಡಿಯೋಗಳು ನೂರರ ಹತ್ತಿರ ಇದ್ದವು. ದಿನಾ ಕೂತು ನೋಡಿ ನುಡಿಸಿದ್ದೇನೆ. ಮೂರು ತಿಂಗಳಾದರೂ ಮೊದಲ ಸರಳೆ ವರಸೆ, ಅಂದರೆ ಸ-ರಿ-ಗ-ಮದ ಮೊದಲ ಪಾಠ, ಶ್ರುತಿಗೆ ನಿಲ್ಲಲಿಲ್ಲ. ಯಾಕೆ ಅಂತ ತಂತಿಯಲ್ಲೇ ತೋರಿಸ್ತೇನೆ.

[ಕ್ಲೋಸಪ್: ನಾಲ್ಕು ತಂತಿ]

ಪಿಟೀಲು ಯುರೋಪಿನ ವಾದ್ಯ. ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲ ಹೆಸರು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರದ್ದು. ಯುರೋಪಿನವರ ಶ್ರುತಿಯಲ್ಲಿ ಒಂದು ತಂತಿಗೂ ಮುಂದಿನದಕ್ಕೂ ಸ–ಪ ಅಂತರ, ಎಲ್ಲ ಕಡೆಯೂ ಅಷ್ಟೇ. ನಮ್ಮದು ಸ-ಪ-ಸ-ಪ. ಹಾಗಾಗಿ ನಡುವಿನ ಎರಡು ತಂತಿಗಳ ನಡುವೆ ಉಳಿಯೋದು ಸ–ಮ ಅಂತರ ಮಾತ್ರ. ಅವರು ವಾದ್ಯವನ್ನು ಗಲ್ಲದ ಕೆಳಗೆ ಹಿಡೀತಾರೆ. ನಾವು ನೆಲದಲ್ಲಿ ಕೂತು ತುದಿಯನ್ನು ಬಲಗಾಲಿನ ಮೇಲೆ ಊರ್ತೇವೆ. ನಾನು ಬೆಳಗ್ಗೆ ಅದನ್ನೂ ಸಂಜೆ ಇದನ್ನೂ ನೋಡ್ತಿದ್ದೆ. ಬೆರಳು ಯಾವುದನ್ನು ನೆನಪಿಟ್ಟುಕೊಳ್ಳಬೇಕು?

ನಮ್ಮ ಪದ್ಧತಿಯೊಳಗೂ ಹಾಗೆಯೇ. ಒಬ್ಬರು ಗ-ದಿಂದ ಮ-ಗೆ ಎರಡನೇ ಬೆರಳನ್ನೇ ಜಾರಿಸ್ತಾರೆ, ಇನ್ನೊಬ್ಬರು ಮೂರನೇ ಬೆರಳು ಇಡ್ತಾರೆ. ಎರಡೂ ಸರಿ. ಒಂದೇ ಕೈಯಲ್ಲಿ ಎರಡನ್ನೂ ಒಟ್ಟಿಗೆ ಕಲಿಯಲು ಹೊರಟರೆ ಮಾತ್ರ ಎರಡೂ ಕೂರೋದಿಲ್ಲ. ಹಿರಿಯರು ಪಾಠಾಂತರ, ಪಾಠಾಂತರ (ಒಂದು ಗುರುಪರಂಪರೆಯಿಂದ ಬಂದ ಪಾಠ) ಅಂತ ಅಷ್ಟು ಹೇಳೋದು ಇದಕ್ಕೇ ಅಂತ ನನಗೆ ಆಗ ಅರ್ಥ ಆಯ್ತು.

[ಕ್ಲೋಸಪ್: ಎಡಗೈ ಬೆರಳು]

ವೀಣೆಗೆ ಸ್ವರದ ಜಾಗ ತೋರಿಸುವ 24 ಮೆಟ್ಟುಗಳು ಉಂಟು. ಪಿಟೀಲಿಗೆ ಒಂದೂ ಇಲ್ಲ. ಸರಳೆ ವರಸೆಯ ರಾಗ ಮಾಯಾಮಾಳವಗೌಳದಲ್ಲಿ ಸ–ರಿ ತೀರಾ ಹತ್ತಿರ, ರಿ–ಗ ದೂರ, ಗ–ಮ ಮತ್ತೆ ಹತ್ತಿರ. ಬೆರಳು ಕೂದಲೆಳೆಯಷ್ಟು ಸರಿದರೂ ಅಪಸ್ವರ. ಆ ಜಾಗವನ್ನು ಕಣ್ಣು ಹುಡುಕಲಾರದು, ಕಿವಿಯೇ ಹುಡುಕಬೇಕು. ನಾನೋ ಕಣ್ಣನ್ನು ಸ್ಕ್ರೀನಿಗೆ ಅಂಟಿಸಿಕೊಂಡಿದ್ದೆ.

ಕೊನೆಗೆ ಹತ್ತಿರದ ಒಬ್ಬ ಟೀಚರ ಮನೆಗೆ ಹೋದೆ. ಅವರು ಮೊದಲು ನೋಡಿದ್ದು ನನ್ನ ಕಮಾನನ್ನು. ಮಳೆಯ ತೇವಕ್ಕೆ ಅದರ ಕೂದಲು ಸಡಿಲಾಗಿತ್ತು, ಪಿಟೀಲಿನ ತಂತಿ ಬಿಗಿಯುವ ಬಿರಡೆಗಳು ಉಬ್ಬಿ ತಿರುಗುತ್ತಿರಲಿಲ್ಲ. ನೂರು ವಿಡಿಯೋದಲ್ಲಿ ಯಾರಿಗೂ ಕಾಣದ್ದು ಅವರಿಗೆ ಬಾಗಿಲಲ್ಲೇ ಕಂಡಿತು. ಮತ್ತೆ ಹೇಳಿದರು: "ಫೋನ್ ಆಚೆ ಇಡು ಮಾರಾಯ. ಮೊದಲು ಸ ನಿಲ್ಲಿಸು." ಒಂದು ವಾರ ಬರೀ ಖಾಲಿ ತಂತಿಯ ಸ. ಕಮಾನು ಈ ತುದಿಯಿಂದ ಆ ತುದಿಗೆ, ಅಷ್ಟೇ.

ಎಲ್ಲರಿಗೂ ಹತ್ತಿರದಲ್ಲಿ ಗುರು ಸಿಗೋದಿಲ್ಲ, ಗೊತ್ತು. ಹಾಗಿದ್ದರೆ ಒಬ್ಬರದ್ದೇ ಪಾಠದ ಸರಣಿ ಹಿಡಿದು ಒಂದು ಮಂಡಲ, 48 ದಿನ, ಬೇರೆ ಪಾಠ ತೆರೆಯಬೇಡಿ. ಫೋನಿನಲ್ಲಿ ತಂಬೂರಿ ಹಾಕಿಕೊಳ್ಳಿ, ನಿಮ್ಮ ನುಡಿಸಾಣಿಕೆ ರೆಕಾರ್ಡ್ ಮಾಡಿ ಮರುದಿನ ಕೇಳಿ. ಇವೆರಡಕ್ಕೆ ಫೋನಿನಷ್ಟು ಒಳ್ಳೆಯ ಜೊತೆ ಇಲ್ಲ. ಕೇಳೋದಕ್ಕಂತೂ ಮಿತಿ ಬೇಡ: ಎಡನೀರು ಮಠದ ಸಂಗೀತ ಕಚೇರಿ, ಬಯಲಲ್ಲಿ ಯಕ್ಷಗಾನ ಭಾಗವತರ ಪದ, ಎಲ್ಲ ಕೇಳಿ.

[ದೃಶ್ಯ: ತಂಬೂರಿ ಶ್ರುತಿ ಶುರು]

ಈಗ ಪಿಟೀಲು ತಗೊಳ್ಳಿ. ಆದಿತಾಳ (ಎಂಟು ಎಣಿಕೆ), ಮೊದಲ ಕಾಲ, ಅಂದರೆ ನಿಧಾನ. ಒಂದು ಸ್ವರಕ್ಕೆ ಕಮಾನು ಪೂರ್ತಿ ಎಳೀರಿ. ತಪ್ಪಿದರೆ ನಿಲ್ಲಿಸಿ, ಸ-ಕ್ಕೆ ವಾಪಸ್ ಬನ್ನಿ, ನಾನೂ ಬರ್ತೇನೆ.

ಸ... ರಿ... ಗ... ಮ...