ಮೊರ ಹಿಡಿದು ಕುಳಿತ ಹೆಂಗಸು

ಈಗ ನೀವು ನೋಡುತ್ತಿರುವುದು ನನ್ನ ಓದುವ ಮೇಜಿನ ಎದುರಿನ ಗೋಡೆ. ಅಲ್ಲಿ ತೂಗುತ್ತಿರುವ ಪುಟ್ಟ ಪೆನ್ಸಿಲ್ ಚಿತ್ರವನ್ನು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ, ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯಲ್ಲಿ ಕೊಂಡಿದ್ದೆ. ಎರಡೂ ಬದಿಯಲ್ಲಿ ಬಣ್ಣದ ಕ್ಯಾನ್‌ವಾಸುಗಳು ಕಣ್ಣು ಕುಕ್ಕುತ್ತಿದ್ದ ಆ ಜನಜಂಗುಳಿಯಲ್ಲಿ ಈ ಬೂದು ಗೆರೆಗಳ ಮುಂದೆ ಏಕೆ ನಿಂತೆನೆಂಬುದು ನನಗೆ ತಿಳಿದದ್ದು ಮನೆಗೆ ತಂದ ಮೇಲೆಯೇ.

ಒಂದು ಕಾಲು ಮಡಿಸಿ, ಇನ್ನೊಂದನ್ನು ಚಾಚಿ, ಮೊರ ಹಿಡಿದು ಕುಳಿತ ಹೆಂಗಸು, ಚಿತ್ರದಲ್ಲಿರುವುದು ಇಷ್ಟೇ. ಮುಖಕ್ಕೆ ಕಣ್ಣು ಮೂಗುಗಳಿಲ್ಲ, ಮೊರವೆಂದರೆ ಒಂದು ಬಾಗು ಗೆರೆ, ನೆಲವನ್ನಂತೂ ಬರೆದೇ ಇಲ್ಲ. ಆದರೂ ಆಕೆ ಬಹಳ ಹೊತ್ತಿನಿಂದ ನೆಲದ ಮೇಲೆ ಕುಳಿತಿದ್ದಾಳೆ, ಸೊಂಟ ಹಿಡಿದುಕೊಂಡಿದೆ ಎಂಬುದು ನೋಡಿದೊಡನೆ ತಿಳಿಯುತ್ತದೆ. ಕ್ಯಾಮೆರಾವನ್ನು ಸ್ವಲ್ಪ ಹತ್ತಿರ ಒಯ್ಯುತ್ತೇನೆ. ಕುತ್ತಿಗೆಯಿಂದ ಹೊರಟ ಬೆನ್ನಿನ ಗೆರೆ ಮೊದಲು ನೂಲಿನಷ್ಟು ತೆಳುವಾಗಿದ್ದು, ಸೊಂಟದತ್ತ ಇಳಿಯುತ್ತ ದಪ್ಪವಾಗಿ, ಮೈಭಾರವೆಲ್ಲ ನೆಲಕ್ಕೆ ಊರುವಲ್ಲಿ ಕಾಗದವೇ ತಗ್ಗಾಗುವಷ್ಟು ಒತ್ತಿ ಮೂಡಿದೆ. ಚಾಚಿದ ಕಾಲಿನ ಗೆರೆ ಮಾತ್ರ ಮೊಣಕಾಲಿನ ಬಳಿ ಕಡಿದುಹೋಗಿದೆ. ಅಲ್ಲಿ ಬೆಳಕು ಬಿದ್ದಿದೆಯೆಂದು ನಮ್ಮ ಕಣ್ಣೇ ಆ ಖಾಲಿ ಜಾಗವನ್ನು ತುಂಬಿಕೊಳ್ಳುತ್ತದೆ.

ಒಂದೇ ಗೆರೆ ಹೀಗೆ ತೆಳುವೂ ದಪ್ಪವೂ ಆಗಬಲ್ಲದ್ದು ಪೆನ್ಸಿಲ್ಲಿನ ಕಡ್ಡಿಯ ಗುಣ. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಡುವ ಕ್ರಮಕ್ಕೆ ಫ್ರಾನ್ಸಿನ ನಿಕೊಲಾ ಜಾಕ್ ಕಾಂಟೆ 1795ರಲ್ಲಿ ಪೇಟೆಂಟ್ ಪಡೆದ. ಮಣ್ಣು ಕಡಿಮೆಯಾದಷ್ಟೂ ಕಡ್ಡಿ ಮೆತ್ತಗಾಗುತ್ತದೆ, ಗೆರೆ ಕಪ್ಪಾಗುತ್ತದೆ. ಶಾಲೆಯ ಎಚ್‌ಬಿ ಪೆನ್ಸಿಲ್ಲಿಗಿಂತ ಮೆತ್ತನೆಯ 4ಬಿ, 6ಬಿ ಪೆನ್ಸಿಲ್ಲುಗಳು ಕೈಯ ಒತ್ತಡಕ್ಕೆ ಬೇಗ ಓಗೊಡುವುದು ಅದಕ್ಕೇ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಲ ಮೊಣಕೈ. ಅಲ್ಲಿ ಎರಡು ಗೆರೆಗಳಿವೆ. ಮೊದಲನೆಯದು ತಪ್ಪಿತೆಂದು ಎರಡನೆಯದನ್ನು ಎಳೆದ ಕಲಾವಿದರು ಹಳೆಯದನ್ನು ಅಳಿಸುವ ಗೋಜಿಗೆ ಹೋಗಿಲ್ಲ. ಆದ್ದರಿಂದಲೇ ಮೊರ ಈಗಷ್ಟೇ ಅಲುಗಿದಂತಿದೆ. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ, ಹಿಂದಿನ ತಲೆಮಾರಿನ ಹೆಸರಾಂತ ಚಿತ್ರಕಾರ ಕೆ. ಕೆ. ಹೆಬ್ಬಾರರು ಲಯವನ್ನು ಅರಿಯಲೆಂದು ಕಥಕ್ ಕಲಿತಿದ್ದರಂತೆ. ಗೆರೆಗೂ ಕುಣಿತಕ್ಕೂ ಏನು ನಂಟು ಎಂದು ಹಿಂದೆ ನಾನು ನಕ್ಕಿದ್ದುಂಟು. ಈ ಮೊಣಕೈ ಕಂಡ ಮೇಲೆ ಆ ನಗು ನಿಂತಿತು.

ಪಕ್ಕದ ಮನೆಯ ಅಜ್ಜಿ ಮೊದಲ ಸಲ ನೋಡಿದಾಗ, "ಇದಿನ್ನೂ ಮುಗಿದಿಲ್ಲವಲ್ಲಪ್ಪ" ಎಂದರು. ಕಾಫಿ ಕುಡಿಯುತ್ತ ಇನ್ನೊಮ್ಮೆ ತಿರುಗಿ ನೋಡಿ, "ಅಕ್ಕಿಯಲ್ಲಿ ಕಲ್ಲು ಬಹಳ ಇದೆ ಅಂತ ಕಾಣುತ್ತೆ, ಪಾಪ" ಎಂದರು. ಆ ಮೊರದಲ್ಲಿ ಒಂದು ಕಾಳನ್ನೂ ಬರೆದಿಲ್ಲ.