ಹಿಂದೆ ಇನ್ನೊಂದು ಇರುತ್ತೆ

ನಮಸ್ಕಾರ. ನಾನು ಮೈಸೂರಿನಲ್ಲಿ ಬಾಡಿಗೆ ಕಾರು ಓಡಿಸುವವನು. ಸ್ಟೇರಿಂಗ್ ಹಿಡಿದು ಇಪ್ಪತ್ತೆರಡು ವರ್ಷ ಆಯಿತು. ಜಾಸ್ತಿ ಸಿಗುವುದು ಊಟಿ, ಸುಲ್ತಾನ್ ಬತ್ತೇರಿ ಕಡೆಯ ಬಾಡಿಗೆ.

ಬೆಕ್ಕು ಅಡ್ಡ ಬಂದರೆ ನಮ್ಮವರು ಗಾಡಿ ನಿಲ್ಲಿಸುತ್ತಾರೆ. ಬೇರೆ ಯಾರಾದರೂ ಮುಂದೆ ಹೋಗಲಿ ಅಂತ ಕಾಯುತ್ತಾರೆ. ನಾನೂ ನಿಲ್ಲಿಸುತ್ತೇನೆ. ಅಪಶಕುನ ಅಂತಲ್ಲ, ಹಿಂದೆ ಮರಿ ಇರಬಹುದು ಅಂತ.

ಇದನ್ನು ಕಲಿತದ್ದು ಒಂದು ಮೇಕೆಯಿಂದ. ಗಾಡಿ ಹಿಡಿದ ಮೊದಲ ವರ್ಷ. ನಂಜನಗೂಡು ದಾಟಿದ್ದೆ. ಮೇಕೆ ಓಡಿ ಬಂತು, ಬ್ರೇಕ್ ಹಾಕಿದೆ, ಅದು ಆಚೆ ಹೋಯಿತು. ಸದ್ಯ ಅಂದುಕೊಂಡು ಆಕ್ಸಿಲರೇಟರ್ ಒತ್ತಿದೆ. ಹಿಂದೆಯೇ ಮರಿ ಬಂತು. ಅದರ ಒಡತಿ ಬಾಯಿ ಮಾಡಲಿಲ್ಲ, ದುಡ್ಡೂ ಕೇಳಲಿಲ್ಲ. ಮರಿಯನ್ನು ಎತ್ತಿಕೊಂಡು, "ತಾಯಿ ಹೋದ್ಮೇಲೆ ಮರಿ ಬರಲ್ವಾ ಸ್ವಾಮಿ?" ಅಂದಳು. ಅಷ್ಟೇ. ಇವತ್ತಿಗೂ ಆ ಮಾತು ಕಿವಿಯಲ್ಲಿದೆ.

ಒಂದೊಂದು ಪ್ರಾಣಿಯದು ಒಂದೊಂದು ಬುದ್ಧಿ. ಕೋಳಿ ಮುಕ್ಕಾಲು ದಾಟಿರುತ್ತೆ, ಹಾರನ್ ಹೊಡೆದರೆ ವಾಪಸ್ ಓಡಿ ಬರುತ್ತೆ. ನಾಯಿ ನಡುವೆ ನಿಂತು ಯೋಚನೆ ಮಾಡುತ್ತೆ. ಎಮ್ಮೆಗೆ ನಾವು ಲೆಕ್ಕಕ್ಕೇ ಇಲ್ಲ. ಸುಗ್ಗಿ ಕಾಲದಲ್ಲಿ ರಸ್ತೆ ಮೇಲೆ ಹುರುಳಿ ಹರಡಿರುತ್ತಾರೆ. ಅಲ್ಲಿ ದನಕರು ಬಂದೇ ಬರುತ್ತವೆ, ಜೊತೆಗೆ ಚಕ್ರವೂ ಜಾರುತ್ತೆ. ಮಳೆ ರಾತ್ರಿ ಹಸುಗಳು ಟಾರಿನ ಮೇಲೇ ಮಲಗುತ್ತವೆ.

ಕಾಡಿನಲ್ಲಿ ಜಿಂಕೆ ಒಂಟಿಯಾಗಿ ಬರುವುದು ಅಪರೂಪ. ಒಂದು ದಾಟಿದರೆ ಅದನ್ನು ನೋಡಬೇಡಿ, ಅದು ಬಂದ ಪೊದೆಯನ್ನು ನೋಡಿ. ಬೆಳಕಿಗೆ ಕಣ್ಣು ಕುಕ್ಕಿ ಅದು ನಡುರಸ್ತೆಯಲ್ಲೇ ನಿಂತುಬಿಟ್ಟರೆ ಲೈಟ್ ಡಿಮ್ ಮಾಡಿ. ಸ್ಟೇರಿಂಗ್ ಎಳೆಯಲು ಹೋಗಬೇಡಿ, ನೇರವಾಗಿ ಬ್ರೇಕ್ ಹಾಕಿ. ಪ್ರಾಣಿ ತಪ್ಪಿಸಲು ಹೋಗಿ ಮರಕ್ಕೆ ಗುದ್ದಿದ ಗಾಡಿಗಳನ್ನು ನಾನು ಕಂಡಿದ್ದೇನೆ. ಎಂಬತ್ತರ ಸ್ಪೀಡಿನಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತೆ. ನಿಮ್ಮ ಕಾಲು ಬ್ರೇಕ್ ಮುಟ್ಟುವಷ್ಟರಲ್ಲಿ ಆ 22 ಮೀಟರ್ ಮುಗಿದಿರುತ್ತೆ.

ಜಿಂಕೆ, ಹಸು, ಬೆಕ್ಕಿನ ಕಣ್ಣಿನ ಹಿಂದೆ ಕನ್ನಡಿಯಂಥ ಒಂದು ಪೊರೆ ಇದೆ. ಅದಕ್ಕೇ ಲೈಟ್ ಬಿದ್ದರೆ ಕಣ್ಣು ಹೊಳೆಯುತ್ತೆ. ಹಂದಿಗೆ ಆ ಪೊರೆ ಇಲ್ಲ. ಮೈಯೂ ಕಪ್ಪು. ಹತ್ತಿರ ಬರುವವರೆಗೂ ಗೊತ್ತೇ ಆಗುವುದಿಲ್ಲ.

ಬಂಡೀಪುರದಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ರಸ್ತೆ ಬಂದ್. 2009ರಲ್ಲಿ ಶುರುವಾದದ್ದು, 2010ರಲ್ಲಿ ಹೈಕೋರ್ಟೂ ಸರಿ ಅಂದಿತು. ಆಂಬುಲೆನ್ಸ್, ಒಂದಷ್ಟು ಬಸ್ಸು ಬಿಟ್ಟರೆ ಬೇರೆ ಗಾಡಿ ಬಿಡುವುದಿಲ್ಲ. ಆಗ ನಾವು ಡ್ರೈವರುಗಳು ಬೈದೆವು, ನಾನೂ ಬೈದೆ. ಅದಕ್ಕೆ ಮುಂಚೆ ಬೆಳಗಿನ ಜಾವ ಆ ರಸ್ತೆಯಲ್ಲಿ ಏನೇನು ಬಿದ್ದಿರುತ್ತಿತ್ತು ಅಂತ ನೆನೆಸಿಕೊಂಡರೆ ಈಗ ಬೈಯಲು ಬಾಯಿ ಬರುವುದಿಲ್ಲ. ಒಂದು ತೊಂದರೆ ಮಾತ್ರ ಉಳಿದಿದೆ. ಎಂಟರಿಂದ ಒಂಬತ್ತರ ತನಕ ಎಲ್ಲರಿಗೂ ಗೇಟ್ ಹಾಕುತ್ತಾರೆ ಅನ್ನುವ ಆತುರ.

ಹೋದ ವರ್ಷ ನಮಗೂ ಹಾಗೇ ಆಯಿತು. ಊಟಿಗೆ ಹೊರಟ ಕುಟುಂಬ. ಗುಂಡ್ಲುಪೇಟೆಯಲ್ಲಿ ಊಟಕ್ಕೆ ಕೂತು ತಡವಾಯಿತು. ಹಂಗಳ ದಾಟಿದಾಗ ಒಂಬತ್ತಕ್ಕೆ ಹತ್ತು ನಿಮಿಷ. ಹೊಲದಿಂದ ಒಂದು ಹೆಣ್ಣು ಹಂದಿ ಎದ್ದು ಬಂತು. ನಿಲ್ಲಿಸಿದೆ. ಅದು ದಾಟಿತು. "ಹೋಗಪ್ಪಾ, ಟೈಮಾಯ್ತು" ಅಂದರು ಯಜಮಾನರು. ನಾನು ಕದಲಲಿಲ್ಲ. ಮರಿಗಳು ಶುರುವಾದವು. ಹಿಂದಿನ ಸೀಟಿನ ಪುಟ್ಟ ಹುಡುಗಿ ಎಣಿಸತೊಡಗಿದಳು. ಏಳಾಯಿತು. "ಅಂಕಲ್, ಇನ್ನೊಂದಿರಬಹುದು, ಇರಿ" ಅಂದಳು. ಇದ್ದೆ. ಏನೂ ಬರಲಿಲ್ಲ.

ಗೇಟ್ ಮುಟ್ಟಿದಾಗ ಅಡ್ಡಕಂಬ ಇಳಿದಿತ್ತು. ವಾಪಸ್ ಗುಂಡ್ಲುಪೇಟೆಗೆ ಬಂದು ಲಾಡ್ಜ್ ಹಿಡಿದೆವು. ಯಜಮಾನರು ನನ್ನ ಜೊತೆ ಮಾತು ಬಿಟ್ಟರು. ಬೆಳಿಗ್ಗೆ ಆರಕ್ಕೆ ಮತ್ತೆ ಹೊರಟೆವು. ಹಂಗಳ ಬಂದಾಗ ಹುಡುಗಿ ಕಿಟಕಿ ಗಾಜಿಗೆ ಮೂಗು ಒತ್ತಿ ಹೊಲದ ಕಡೆ ನೋಡುತ್ತಿದ್ದಳು. ಎಂಟನೆಯದನ್ನು ಹುಡುಕುತ್ತಿದ್ದಳು.