ವೈನಿಗೆ ಯಾವ ಪಾತ್ರೆ?

ನಮಸ್ಕಾರ. ಕ್ರಿಸ್‌ಮಸ್ ಹತ್ರ ಬಂತು, ಮಂಗಳೂರು ಕಡೆ, ಕೊಡಗಿನ ಕಡೆ ಎಷ್ಟೋ ಮನೇಲಿ ದ್ರಾಕ್ಷಿ ವೈನ್ ಹಾಕಿಡೋ ಕೆಲಸ ಶುರುವಾಗಿರುತ್ತೆ. ಎಲ್ರೂ ಕೇಳೋದು ಸಕ್ಕರೆ ಎಷ್ಟು, ಈಸ್ಟ್ ಎಷ್ಟು ಅಂತ. ಯಾವುದ್ರಲ್ಲಿ ಹಾಕಿಡ್ಬೇಕು ಅಂತ ಕೇಳೋರು ಕಮ್ಮಿ, ನನಗೆ ಬೇಜಾರಾಗೋದು ಅಲ್ಲೇ, ಒಳ್ಳೆ ಬೆಂಗಳೂರು ಬ್ಲೂ ದ್ರಾಕ್ಷಿ ತಂದು ತೊಳೆದು ಒರೆಸಿ ಅಷ್ಟೆಲ್ಲ ಮಾಡಿ ಕೊನೆಗೆ ಪಾತ್ರೆಯಿಂದಾನೇ ಕೆಡಿಸ್ಕೊಂಡೋರನ್ನ ನೋಡಿದೀನಿ.

ಹಿತ್ತಾಳೆ, ತಾಮ್ರ, ಅಲ್ಯುಮಿನಿಯಂ ಬೇಡವೇ ಬೇಡ. ಹುಣಸೆಹುಳಿ ಹಿತ್ತಾಳೇಲಿ ಬಿಟ್ರೆ ಕಿಲುಬು ಬರುತ್ತಲ್ವಾ, ವೈನೂ ಹುಳಿಯೇ, ವಾರಗಟ್ಟಲೆ ಕೂತ್ರೆ ಲೋಹಾನ ತಿನ್ನುತ್ತೆ. ನಮ್ಮತ್ತೆ ಉಪ್ಪಿನಕಾಯಿ ಭರಣೀನೇ ಹಿಡಿತಿದ್ರು, ಅದು ಸರಿ, ಆದ್ರೆ ಒಳಗಡೆ ಮೆರುಗು ಬಿರುಕು ಬಿಟ್ಟಿದ್ರೆ, ಉಪ್ಪಿನಕಾಯಿ ವಾಸನೆ ಉಳಿದಿದ್ರೆ ಅದನ್ನ ಬಿಟ್ಬಿಡಿ.

ನಾನು ಮೊದ್ಲು ನೋಡೋದು ಪಾತ್ರೆಯ ಬಾಯಿ. ಹುದುಗುವಾಗ ಅಗಲ ಬಾಯಿ ಬೇಕು, ಸಿಪ್ಪೆಯೆಲ್ಲ ಮೇಲೆ ತೇಲಿ ದಪ್ಪಗೆ ಕೆನೆ ಥರ ಕೂತಿರುತ್ತೆ, ಅದನ್ನ ದಿನಾ ಮರದ ಸೌಟಿಂದ ಕೆಳಗೆ ಒತ್ಬೇಕು, ನೊರೆ ಉಕ್ಕುತ್ತೆ ಅಂತ ಮೂರ್ನೇ ಒಂದು ಭಾಗ ಖಾಲಿ ಬಿಟ್ಟು, ತೆಳು ಬಟ್ಟೆ ಕಟ್ಟಿ. ಕಿವಿ ಹತ್ರ ಹಿಡಿದ್ರೆ ಸಣ್ಣಗೆ ಚುರ್ ಚುರ್ ಅನ್ನೋದು ಕೇಳ್ಸುತ್ತೆ. ಅದು ಪೂರ್ತಿ ನಿಲ್ಲೋವರೆಗೂ ಗಾಜಿನ ಬಾಟ್ಲಿಗೆ ಹಾಕಿ ಮುಚ್ಚಳ ಬಿಗೀಬೇಡಿ. ಒಂದ್ಸಲ ನಾನು ಅವಸರ ಮಾಡಿದೆ, ರಾತ್ರಿ ಅಟ್ಟದ ಮೇಲೆ ಬಾಟ್ಲಿ ಸಿಡಿದು ಗಾಜಿನ ಚೂರು ಒಲೆವರೆಗೂ ಬಂದಿತ್ತು, ಅಲ್ಲಿ ಮಕ್ಳಿದ್ದಿದ್ರೆ ಏನಾಗ್ತಿತ್ತೋ ಅಂತ ಈಗ್ಲೂ ಎದೆ ಝಲ್ಲನ್ನುತ್ತೆ.

ಜಾರ್ಜಿಯಾ ದೇಶದಲ್ಲಿ ಹುದುಗಿಸೋದು, ಕಾಪಾಡೋದು ಎರಡಕ್ಕೂ ಒಂದೇ ಪಾತ್ರೆ, ಕ್ವೆವ್ರಿ ಅಂತ. ಮೊಟ್ಟೆ ಆಕಾರದ ಮಣ್ಣಿನ ದೊಡ್ಡ ಹಂಡೆ, ಒಳಗೆ ಜೇನುಮೇಣ ಸವರಿ ಕತ್ತಿನವರೆಗೂ ನೆಲದಲ್ಲಿ ಹೂತಿರ್ತಾರೆ, ಮಣ್ಣಿನ ತಂಪೇ ಅದಕ್ಕೆ ಫ್ರಿಜ್ಜು. 2013ರಲ್ಲಿ ಯುನೆಸ್ಕೋ ಆ ಪದ್ಧತೀನ ತನ್ನ ಪರಂಪರೆ ಪಟ್ಟಿಗೆ ಸೇರಿಸ್ತು. ನಮ್ಮನೇಲಿ ಹೂಳೋಕೆ ಜಾಗ ಎಲ್ಲಿ, ಸೋಸಿದ ಮೇಲೆ ಗಸಿ ಕೆಳಗೆ ಉಳಿಸಿ ತಿಳಿ ಮಾತ್ರ ಸಣ್ಣ ಕತ್ತಿನ ಕಂದು ಅಥವಾ ಹಸಿರು ಬಾಟ್ಲಿಗೆ ಬಗ್ಗಿಸಿ, ಬೆಳಕು ತಾಕಿದ್ರೆ ರುಚಿ ಹೋಗುತ್ತೆ. ಕತ್ತಿನವರೆಗೂ ತುಂಬಿಸ್ಬೇಕು, ಅರ್ಧ ಬಾಟ್ಲಿ ವೈನಿಗೆ ಅರ್ಧ ಬಾಟ್ಲಿ ಗಾಳಿ ಸಿಕ್ಕಿದ್ರೆ ವಿನೆಗರ್ ಕಡೆಗೆ ತಿರುಗುತ್ತೆ, ಹಾಗಾಗಿ ಉಳಿದಿದ್ದನ್ನ ಚಿಕ್ಕ ಬಾಟ್ಲಿಗೆ ಹಾಕಿಡಿ. ಬೆಂಡಿನ ಬಿರಡೆ ಇದ್ರೆ ಮಲಗಿಸಿ ಇಡಿ, ಬೆಂಡು ಒಣಗಬಾರ್ದು.

ಇನ್ನು ಕೊಡೋದು. ಸ್ಟೀಲ್ ಲೋಟದಲ್ಲಿ ಕೊಟ್ರೆ ಏನೂ ಕೆಡಲ್ಲ, ಆದ್ರೆ ಬಣ್ಣ ಕಾಣಲ್ಲ, ಪರಿಮಳವೂ ನಿಲ್ಲಲ್ಲ. ಹೊಟ್ಟೆ ಅಗಲ, ಬಾಯಿ ಸ್ವಲ್ಪ ಕಿರಿದು, ಕೆಳಗೆ ಕಡ್ಡಿ ಇರೋ ಗಾಜಿನ ಗ್ಲಾಸ್ ತಗೊಳ್ಳಿ, ಮೂರ್ನೇ ಒಂದು ಭಾಗ ಮಾತ್ರ ಹಾಕಿ, ಕಡ್ಡಿ ಹಿಡಿದ್ರೆ ಕೈ ಬಿಸಿ ತಾಕಲ್ಲ. ಕುಡಿಯೋಕೆ ಮುಂಚೆ ಒಮ್ಮೆ ಮೂಗು ಹತ್ರ ತನ್ನಿ, ದ್ರಾಕ್ಷಿ, ಲವಂಗ, ಚಕ್ಕೆ ಎಲ್ಲ ಅಲ್ಲೇ ಸೇರ್ಕೊಂಡಿರುತ್ತೆ.